ವೇದಿಕೆಯ ಪ್ರಹಸನವನ್ನು ಯೂಟ್ಯೂಬಿಗೆ ಹಾಕಿದರೆ ಸಭಾಂಗಣದ ನಗು ಕಡಿಮೆಯಾಗುತ್ತದೆಯೇ?

ಪ್ರಶ್ನೆ (ಹವ್ಯಾಸಿ ನಟ, ವಿಜಯಪುರ):
ನಾವು ಕೆಲವು ಗೆಳೆಯರು ಸೇರಿ ಎಂಟು–ಹತ್ತು ನಿಮಿಷಗಳ ಹಾಸ್ಯ ಪ್ರಹಸನಗಳನ್ನು ಬರೆದು ಆಡುತ್ತೇವೆ. ಕಾಲೇಜುಗಳ ಸ್ನೇಹ ಸಮ್ಮೇಳನ, ಗಣೇಶೋತ್ಸವದ ಮಂಟಪಗಳೇ ನಮ್ಮ ಮುಖ್ಯ ವೇದಿಕೆಗಳು; ಹಣ ಹೊಂದಿದಾಗ ಕಂದಗಲ್ಲ ಹನುಮಂತರಾಯ ರಂಗಮಂದಿರದಲ್ಲಿ ಟಿಕೆಟ್ ಇಟ್ಟು ಆಡುವುದೂ ಉಂಟು. ಪ್ರತಿ ಪ್ರದರ್ಶನವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವ ರೂಢಿಯಿಂದ ಈಗ ತೊಡಕಾಗಿದೆ. ಬಾಡಿಗೆ ಮನೆ ತೋರಿಸುವ ಮಾಲೀಕನ ಪ್ರಹಸನದಲ್ಲಿ, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬ ಪ್ರಶ್ನೆಗೆ ಮಾಲೀಕ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹುಡುಗರು ಉತ್ತರವನ್ನು ಕೂಗಿಬಿಡುತ್ತಾರೆ. ಸಭಾಂಗಣವನ್ನೇ ನಗಿಸಿದ ಅದೇ ಮಾತು ಫೋನಿನಲ್ಲಿ ಸಪ್ಪೆಯಾಗಿ ಕಾಣುತ್ತದೆ ಎಂಬುದು ಇನ್ನೊಂದು ಚಿಂತೆ. ವಿಡಿಯೋ ನಿಲ್ಲಿಸೋಣವೆಂದರೆ, ಕಾರ್ಯಕ್ರಮಕ್ಕೆ ಕರೆಯುವವರು ಮೊದಲು ಕೇಳುವುದೇ ವಿಡಿಯೋವನ್ನು. ಅನುಭವಿಗಳು ಏನು ಮಾಡುತ್ತೀರಿ?

ಉತ್ತರ 1 (ಹಳೆಯ ರಂಗಾಸಕ್ತ, ಬಾಗಲಕೋಟೆ):
ಮುಂದೇನಾಗುತ್ತದೆ ಎಂದು ಪ್ರೇಕ್ಷಕರಿಗೆ ಗೊತ್ತಿರುವುದು ನಮ್ಮ ಭಾಗದ ರಂಗಭೂಮಿಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವೆಂಬ ಜಾನಪದ ಆಟ ನೋಡಲು ಕೂಡುವವರಲ್ಲಿ, ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗಿ ಸತ್ಯಭಾಮೆ ಮುನಿಯುವುದನ್ನು ಅರಿಯದವರು ಯಾರಿದ್ದಾರೆ? ಆದರೂ ಕೃಷ್ಣ ಮತ್ತು ಗೊಲ್ಲತಿಯ ವಾದಕ್ಕೆ ಜನ ನಗುತ್ತಾರೆ, ಏಕೆಂದರೆ ಹಾಡುಗಳು ಹಳೆಯವಾದರೂ ಅವುಗಳ ನಡುವಿನ ಮಾತು ಆ ರಾತ್ರಿಗೆ, ಆ ಊರಿಗೆ ತಕ್ಕಂತೆ ಹುಟ್ಟುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪು ಹಾಕುವ ನಾಟಕ ಕಂಪನಿಗಳ ಹಾಸ್ಯನಟರನ್ನು ಗಮನಿಸಿರಿ. ಒಂದೇ ನಾಟಕವನ್ನು ಮತ್ತೆ ಮತ್ತೆ ಆಡುವ ಅವರ ಬಂಡವಾಳವೇ ಎದುರಿಗೆ ಕೂತವರು. ಹುಡುಗರು ಉತ್ತರ ಕೂಗಿದಾಗ ನಿಮ್ಮ ಮಾಲೀಕ ಅವರತ್ತ ತಿರುಗಿ, "ಹೋದ ವರ್ಷ ಬಾಡಿಗಿ ಕೊಡದ ಓಡಿ ಹೋದವ್ರು ನೀವ ಅಲ್ಲೇನು?" ಎಂದು ಕೇಳಲಿ. ಇಂಥ ಅಡ್ಡಮಾತಿನಿಂದ ಮೂಲ ಸಂಭಾಷಣೆಗೆ ಎಲ್ಲಿ ಮರಳಬೇಕೆಂಬುದು ಮಾತ್ರ ಎದುರು ಪಾತ್ರಧಾರಿಗೆ ತಾಲೀಮಿನಲ್ಲಿಯೇ ತಿಳಿದಿರಬೇಕು, ಇಲ್ಲವಾದರೆ ಇಬ್ಬರೂ ಬಾಯಿ ಕಟ್ಟಿ ನಿಲ್ಲುತ್ತೀರಿ.

ಉತ್ತರ 2 (ವಿಡಿಯೋ ಸಂಕಲನಕಾರ, ಬೆಳಗಾವಿ):
ಹಿರಿಯರ ಸಲಹೆ ವೇದಿಕೆಯ ಮಟ್ಟಿಗೆ ಸರಿ, ಫೋನಿನ ಸಮಸ್ಯೆ ಅದರಿಂದ ಬಗೆಹರಿಯದು. ವೇದಿಕೆಯ ನಟ ಕೊನೆಯ ಸಾಲಿಗೆ ಕೇಳುವಂತೆ ದನಿ ಎತ್ತುತ್ತಾನೆ, ನಗು ಇಳಿಯುವವರೆಗೆ ಕಾಯುತ್ತಾನೆ. ಫೋನಿನಲ್ಲಿ ಆ ದನಿ ಅರಚಾಟವಾಗುತ್ತದೆ, ಆ ಕಾಯುವಿಕೆ ಬರಿದಾಗುತ್ತದೆ. ಆದ್ದರಿಂದ ಪ್ರದರ್ಶನದ ಚಿತ್ರೀಕರಣವನ್ನು ಹಾಕುವ ಬದಲು ನಿಜವಾದ ಒಂದು ಮನೆಯಲ್ಲಿ, ಪ್ರತಿಯೊಬ್ಬರಿಗೂ ಕಾಲರ್ ಮೈಕ್ ಹಾಕಿ, ಸಹಜ ದನಿಯಲ್ಲಿ ಬೇರೆಯಾಗಿಯೇ ಚಿತ್ರೀಕರಿಸಿರಿ. ಕ್ಯಾಮೆರಾ ಸಾಧಾರಣವಾದದ್ದಾದರೂ ನೋಡುಗರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. 2024ರ ಅಕ್ಟೋಬರಿನಿಂದ ಯೂಟ್ಯೂಬ್ ಶಾರ್ಟ್ಸ್‌ಗೆ ಮೂರು ನಿಮಿಷಗಳವರೆಗೆ ಅವಕಾಶವಿರುವುದರಿಂದ ಒಂದು ಸಣ್ಣ ಪ್ರಸಂಗ ಅದರಲ್ಲಿ ಹಿಡಿಸುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಬಳಸಬೇಡಿರಿ. ಹಕ್ಕುದಾರರು ಕ್ಲೇಮ್ ಮಾಡಿದರೆ ಜಾಹೀರಾತಿನ ಹಣ ಅವರಿಗೆ ಹೋಗಬಹುದು.

ಉತ್ತರ 3 (ಪ್ರೇಕ್ಷಕಿ, ಜಮಖಂಡಿ):
ವಿಡಿಯೋದಲ್ಲಿ ಮೆಚ್ಚಿದ ಪಾತ್ರವನ್ನು ಎದುರಿಗೆ ಕಾಣುವ ಆಸೆಯಿಂದಲೇ ನಾನು ಟಿಕೆಟ್ ಕೊಳ್ಳುತ್ತೇನೆ. ಆ ಮಾಲೀಕ ಫೋನಿನಲ್ಲಿ ಒಮ್ಮೆ ಕರೆಂಟ್ ಬಿಲ್ಲಿಗೆ, ಇನ್ನೊಮ್ಮೆ ಗೋಡೆಗೆ ಹೊಡೆದ ಮೊಳೆಗೆ ಜಗಳ ತೆಗೆಯಲಿ. ಮನೆ ತೋರಿಸುವ ಪೂರ್ಣ ಪ್ರಸಂಗ ಮಾತ್ರ ವೇದಿಕೆಗೇ ಮೀಸಲಾಗಿರಲಿ.

ಪ್ರಶ್ನೆ ಕೇಳಿದವರು:
ಪಾತ್ರವನ್ನು ಉಳಿಸಿಕೊಂಡು ಪ್ರಸಂಗ ಬದಲಿಸುವ ಉಪಾಯ ತಂಡದ ಎಲ್ಲರಿಗೂ ಹಿಡಿಸಿದೆ, ಅಕ್ಕಾವರೆ. ಈಗಾಗಲೇ ಹಾಕಿರುವ ವೇದಿಕೆಯ ವಿಡಿಯೋಗಳನ್ನು ಅಳಿಸಬೇಕೇ?

ಉತ್ತರ 2 (ಮತ್ತೆ):
ಅಳಿಸುವ ಅಗತ್ಯವಿಲ್ಲ. ಅವುಗಳನ್ನು ಅನ್‌ಲಿಸ್ಟೆಡ್ ಮಾಡಿದರೆ ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತವೆ, ಆ ಲಿಂಕನ್ನು ಕಾರ್ಯಕ್ರಮದ ಆಯೋಜಕರಿಗೆ ಕಳಿಸಬಹುದು. ಆದರೆ ಜಾಹೀರಾತಿನ ಆದಾಯಕ್ಕೆ 1000 ಚಂದಾದಾರರ ಜೊತೆಗೆ ಹನ್ನೆರಡು ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆಯ ಗುರಿ ಇಟ್ಟುಕೊಂಡಿದ್ದರೆ, ಅನ್‌ಲಿಸ್ಟೆಡ್ ವಿಡಿಯೋಗಳ ವೀಕ್ಷಣೆ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇನ್ನು ಮುಂದೆ ವೇದಿಕೆಯಲ್ಲಿ ಆಡದ ಹಳೆಯ ಪ್ರಹಸನಗಳನ್ನು ಎಲ್ಲರಿಗೂ ಕಾಣುವಂತೆಯೇ ಬಿಡಿರಿ.