ಭಾನುವಾರವೂ ಬಿಡುವಿಲ್ಲ, ನೀವೆಲ್ಲ ಹೇಗೆ ಮಾಡ್ತೀರಿ?

ಪ್ರಶ್ನೆ, ಬೊಮ್ಮನಹಳ್ಳಿಯಿಂದ
ಎಲ್ಲರಿಗೂ ವಂದನೆ. ಐಟಿ ಕೆಲಸ, ದಿನಾ ಸಿಲ್ಕ್ ಬೋರ್ಡ್ ದಾಟಿ ಓಡಾಟ. ಭಾನುವಾರ ಬೆಳಗ್ಗೆ ಚರ್ಚ್‌ನಲ್ಲಿ ಗಾಯನ ತಂಡ, ಆಮೇಲೆ ಸಂಡೇ ಸ್ಕೂಲ್, ಮಧ್ಯಾಹ್ನ ಯೂತ್ ಮೀಟಿಂಗ್. ಸಂಜೆ ಮತ್ತೆ ಲ್ಯಾಪ್‌ಟಾಪ್. ಸುಮ್ನೆ ಕೂತರೆ ಸೋಮಾರಿ ಅನಿಸುತ್ತದೆ. ದೇವರ ಕೆಲಸಕ್ಕೆ ಆಗಲ್ಲ ಅನ್ನೋದು ಹೇಗೆ? ನಿಮ್ಮ ಅನುಭವ ಹೇಳಿ.

ಕಮ್ಮನಹಳ್ಳಿಯಿಂದ
ನಾನು ನರ್ಸ್. ತಿಂಗಳಲ್ಲಿ ಎರಡು ಭಾನುವಾರ ಡ್ಯೂಟಿ ಇದ್ದೇ ಇರುತ್ತದೆ. ಭಾನುವಾರ ಅಂತ ರೋಗಿಗೆ ಜ್ವರ ಬಿಡುತ್ತಾ? ಮೊದಲು ಏನೋ ತಪ್ಪು ಮಾಡಿದ ಹಾಗೆ ಅಳುಕುತ್ತಿದ್ದೆ. ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ಬೈಬಲಿನ ಮಾರ್ಕನ ಸುವಾರ್ತೆ 2ನೇ ಅಧ್ಯಾಯ ತೆಗೆದು ತೋರಿಸಿದರು. ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಆಗಿದ್ದು ಮನುಷ್ಯನಿಗೋಸ್ಕರ ಅಂತ ಯೇಸುವೇ ಹೇಳಿದ್ದಾನೆ. ಈಗ ವೀಕ್ ಆಫ್ ಯಾವತ್ತು ಬಂದರೂ ಹಿಂದಿನ ಸಂಜೆಯೇ ನನ್ನ ರಜೆ ಶುರು. ಬೈಬಲಿನ ಆದಿಕಾಂಡದಲ್ಲಿ ದಿನ ಅಂದರೆ ಮೊದಲು ಸಾಯಂಕಾಲ, ಆಮೇಲೆ ಬೆಳಗ್ಗೆ, ಅಲ್ವಾ? ಯೂನಿಫಾರ್ಮ್ ಬಕೆಟಿಗೆ, ಫೋನ್ ಅಕ್ಕಿ ಡಬ್ಬದೊಳಗೆ, ನಾನು ಎಂಟೂವರೆಗೆ ಹಾಸಿಗೆಗೆ. ಏಳುವಷ್ಟರಲ್ಲಿ ಅರ್ಧ ರಜೆ ಮುಗಿದಿರುತ್ತದೆ. ಆದರೂ ಬೇಜಾರಿಲ್ಲ.

ಕೆ.ಆರ್. ಪುರದಿಂದ
ಆಟೋ ಓಡಿಸುತ್ತೇನೆ, ಇಎಂಐ ಇದೆ. ಆದರೂ ಭಾನುವಾರ ಸಾಮಾನ್ಯವಾಗಿ ಗಾಡಿ ತೆಗೆಯಲ್ಲ. ಮನ್ನದ ಕಥೆ ಗೊತ್ತಲ್ಲ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನಾ ಕೊಟ್ಟ ಆಹಾರ, ಆರನೇ ದಿನ ಎರಡರಷ್ಟು ಸಿಕ್ಕಿತು, ಏಳನೇ ದಿನ ಹುಡುಕಲು ಹೋದವರು ಬರಿಗೈಲಿ ಬಂದರು. ನನಗೆ ಶನಿವಾರ ಎರಡರಷ್ಟೇನೂ ಬರಲ್ಲ, ಸುಳ್ಳು ಯಾಕೆ ಹೇಳಲಿ. ಎರಡು ಗಂಟೆ ಜಾಸ್ತಿ ಓಡಿಸಿದರೂ ತಿಂಗಳ ಕೊನೆಗೆ ಸ್ವಲ್ಪ ಕಮ್ಮಿಯೇ. ಕ್ರಿಸ್ಮಸ್ ಖರ್ಚಿಗೆ ಅಂತ ಎರಡು ಭಾನುವಾರ ಗಾಡಿ ತೆಗೆದದ್ದೂ ಇದೆ. ಆದರೆ ಸೊಂಟನೋವಿನ ಮಾತ್ರೆ ಈಗ ಮೊದಲಿನಷ್ಟು ಬೇಕಾಗುತ್ತಿಲ್ಲ.

ಲಿಂಗರಾಜಪುರದಿಂದ
ಎಲ್ಲರೂ ಭಾನುವಾರ ವಿಶ್ರಾಂತಿ ಅಂತೀರಿ, ಸಂತೋಷ. ನಮ್ಮನೆಯಲ್ಲಿ ವಾರದಲ್ಲೇ ಜಾಸ್ತಿ ಕೆಲಸ ಅವತ್ತು. ಆರಾಧನೆ ಮುಗಿಸಿ ಬಂದವಳು ಸೀರೆ ಬದಲಿಸುವ ಮೊದಲೇ ಬಿರಿಯಾನಿಗೆ ಈರುಳ್ಳಿ ಹೆಚ್ಚಬೇಕು. ಅದರ ಮೇಲೆ ನೆಂಟರು. ಒಂದು ದಿನ ವಿಮೋಚನಕಾಂಡ 20 ಓದುತ್ತಿದ್ದೆವು. ನೀನು, ಮಗ, ಮಗಳು, ದಾಸ, ದಾಸಿ, ದನ, ಊರಲ್ಲಿರುವ ಪರದೇಶದವನು, ಸಬ್ಬತ್ ದಿನ ಯಾರೂ ಕೆಲಸ ಮಾಡಬಾರದು ಅಂತ ಇದೆ. "ಪಟ್ಟಿಯಲ್ಲಿ ಹೆಂಡತಿ ಇಲ್ಲ ನೋಡು" ಅಂತ ನಮ್ಮ ಯಜಮಾನರು ನಕ್ಕರು. "ದನಕ್ಕೂ ರಜೆ ಇದೆ, ನನಗಿಲ್ವಾ?" ಅಂದೆ. ನಗು ಅಲ್ಲಿಗೇ ನಿಂತಿತು. ಈಗ ಶನಿವಾರವೇ ಮಟನ್ ಸಾರು ಮಾಡಿಡುತ್ತೇನೆ, ಮಾರನೇ ದಿನ ಅದಕ್ಕೆ ಇನ್ನೂ ರುಚಿ. ಅನ್ನ ಅವರೇ ಇಡುತ್ತಾರೆ. ಮೊದಲ ವಾರ ಗಂಜಿಯಾಯಿತು, ತಿಂದೆವು. ಮನೆಕೆಲಸಕ್ಕೆ ಬರುವವಳಿಗೂ ಭಾನುವಾರ ಬರಬೇಡಮ್ಮ ಅಂದೆವು. ಸಂಬಳ ಹಿಡಿಯುತ್ತೀರಾ ಅಂತ ಅವಳು ಮೂರು ಸಲ ಕೇಳಿದಳು.

ಫ್ರೇಜರ್ ಟೌನ್‌ನಿಂದ
ತಮ್ಮಾ, ನಿನ್ನ ಪ್ರಶ್ನೆಗೇ ಬರುತ್ತೇನೆ. 22 ವರ್ಷ ಸಂಡೇ ಸ್ಕೂಲ್ ನಡೆಸಿದವನು ನಾನು. ಬಿಪಿ ಏರಿ ಡಾಕ್ಟರ್ ಗದರಿದ ಮೇಲೆ ಬಿಟ್ಟೆ. ಬೈಬಲಿನ 1 ಅರಸುಗಳು 19ನೇ ಅಧ್ಯಾಯ ಓದು. ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡು ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಅಂದ. ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಮೂರರಲ್ಲಿ ಒಂದನ್ನು ಬೇರೆಯವರಿಗೆ ವಹಿಸು. ನಾನಿಲ್ಲದೆ ಸಂಡೇ ಸ್ಕೂಲ್ ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ. ಈಗ ಮಕ್ಕಳು ಮೊದಲಿಗಿಂತ ಜಾಸ್ತಿ ಬರುತ್ತಿದ್ದಾರೆ. ಸ್ವಲ್ಪ ಹೊಟ್ಟೆ ಉರಿಯಿತು, ಅದನ್ನೂ ಹೇಳಬೇಕಲ್ಲ.

ಕೇಳಿದವರು, ಬೊಮ್ಮನಹಳ್ಳಿಯಿಂದ
ಅಂಕಲ್, ಯೂತ್ ಮೀಟಿಂಗ್ ಬೇರೆಯವರು ನೋಡಿಕೊಳ್ಳಲಿ ಅಂತ ಇವತ್ತೇ ಮೆಸೇಜ್ ಹಾಕಿದೆ. ಲಿಂಗರಾಜಪುರದ ಅಕ್ಕಾ, ನಿಮ್ಮ ಉತ್ತರವನ್ನು ನನ್ನ ಹೆಂಡತಿ ಎರಡು ಸಲ ಓದಿದಳು. ಒಂದು ಲೋಟ ಅಕ್ಕಿಗೆ ನೀರು ಎಷ್ಟು?