ವಾಟರ್ಲೂ ಚಿತ್ರದಲ್ಲಿ ಕವಚಧಾರಿ ಸವಾರ: ಎಲ್ಲಿ ತಪ್ಪಾಗ್ತಿದೆ?

ಪ್ರಶ್ನೆ (ಹಾಸನ): 1815ರ ವಾಟರ್ಲೂ ಯುದ್ಧದ ಫ್ರೆಂಚ್ ಕ್ಯುರಾಸಿಯರ್ (ಎದೆಕವಚ ತೊಟ್ಟ ಕುದುರೆ ಸವಾರ), 3×2 ಅಡಿ ಕ್ಯಾನ್ವಾಸ್, ಎಣ್ಣೆಬಣ್ಣ. ಎದೆಕವಚ ಡಾಲ್ಡಾ ಡಬ್ಬದ ಥರ ಕಾಣ್ತಿದೆ. ಕುದುರೆಯ ಕಾಲು ಹಿಂದಕ್ಕೂ ಮುಂದಕ್ಕೂ ಚಾಚಿದರೆ ಸರೀನಾ?

ಉತ್ತರ 1: ಬೆಳ್ಳಿಬಣ್ಣ ಬಳಿದಿದ್ದೀರಿ ಅನ್ಸತ್ತೆ, ಅದನ್ನ ಬಿಡಿ ಸರ್. ಉಕ್ಕಿಗೆ ಸ್ವಂತ ಬಣ್ಣ ಕಮ್ಮಿ. ಮೇಲ್ಭಾಗದಲ್ಲಿ ಆಕಾಶದ ಬೂದು, ಕೆಳಗೆ ನೆಲದ ಕಂದು, ನಡುವೆ ಕುದುರೆಯ ಕೇಸರದ ಕಪ್ಪು ನೆರಳು. ಅಚ್ಚ ಬಿಳಿ ಒಂದೇ ಒಂದು ಸಣ್ಣ ಗೆರೆ ಸಾಕು. ಅಂಚಿಗೆ ಮೊಳೆಸಾಲು, ತೋಳು ಹೊರಬರುವಲ್ಲಿ ಒಳಪದರದ ಬಟ್ಟೆಯಂಚು ಇಣುಕಬೇಕು. ಅದಿಲ್ಲದಿದ್ದಕ್ಕೇ ಡಬ್ಬ! ಭುಜದ ಪಟ್ಟಿ ಹಿತ್ತಾಳೆ ಹುರುಪೆಯದು; ಬೆನ್ನಿನಿಂದ ಬಂದು ಎದೆಯ ಗುಬುಟಿಗೆ ಸಿಕ್ಕಿಕೊಳ್ಳತ್ತೆ. ಸೊಂಟದಲ್ಲಿ ಚರ್ಮದ ಬೆಲ್ಟು. ಎದೆ, ಬೆನ್ನು ಸೇರಿ ಸುಮಾರು 7–8 ಕಿಲೋ, ಹಾಗಾಗಿ ಸವಾರ ಹಗುರವಾಗಿ ತೇಲಬಾರದು.

ಉತ್ತರ 2: ಕಾಲು ತಪ್ಪು. ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಡೋದು ಕಾಲು ಹೊಟ್ಟೆಯಡಿ ಮಡಚಿದಾಗ. 1878ರಲ್ಲಿ ಮೈಬ್ರಿಡ್ಜ್ ಫೋಟೋ ತೆಗೆದು ತೋರಿಸಿದ. ಫ್ರೆಂಚ್ ಚಿತ್ರಕಾರ ಜೆರಿಕೋನ 1821ರ ಎಪ್ಸಮ್ ಕುದುರೆ ರೇಸಿನ ಚಿತ್ರದಲ್ಲೂ ಇದೇ ಚಾಚು ಇದೆ, ನೀವೊಬ್ಬರೇ ಅಲ್ಲ. ಹಳೇಬೀಡಿನ ಅಶ್ವಸಾಲನ್ನ ಇದಕ್ಕೆ ಮಾದರಿ ಮಾಡ್ಕೋಬೇಡಿ, ಅದು ಅಲಂಕಾರದ ಲಯ.

ಇನ್ನೊಂದು: ಯುದ್ಧದ ಹಿಂದಿನ ರಾತ್ರಿ ಜಡಿಮಳೆ, ಸಾಲದ್ದಕ್ಕೆ ಏರುನೆಲ. ಜೂನಿನ ಸಕಲೇಶಪುರದ ಗದ್ದೆ ನೆನಸ್ಕೊಳ್ಳಿ. ಧೂಳು ತೆಗೆದು ಹೊಟ್ಟೆವರೆಗೆ ಕೆಸರು ಎರಚಿ.

ಉತ್ತರ 3: ಎದುರಿಗೆ ಬ್ರಿಟಿಷ್ ಸವಾರರನ್ನೂ ಬರೆಯೋದಾದ್ರೆ ಅವರಿಗೆ ಕವಚ ಬೇಡ. ವಾಟರ್ಲೂನಲ್ಲಿ ಅವರು ತೊಟ್ಟಿರಲಿಲ್ಲ.