ಲೋವರ್ ಆರ್ಮ್ ಹಾಕಿ ಎಂಟೇ ತಿಂಗಳು, ಮತ್ತೆ ಕಟಕಟ

ಮಂಡ್ಯದಿಂದ ಪ್ರಶ್ನೆ:
ಹ್ಯಾಚ್‌ಬ್ಯಾಕ್, 92,000 ಕಿ.ಮೀ. ಮುಂದಿನ ಎರಡೂ ಲೋವರ್ ಆರ್ಮ್ (ಚಕ್ರವನ್ನು ಬಾಡಿಗೆ ಸೇರಿಸೋ ಕೆಳಗಿನ ತೋಳು) ಮನೇಲೇ ಬದಲಿಸಿದ್ದು. ಈಗ ಹಂಪ್ ಇಳಿಯುವಾಗ ಎಡಗಡೆ ಕಟ್ ಅನ್ನುತ್ತೆ, ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತೆ. ಆರ್ಮ್‌ನಲ್ಲಿ ಅಡ್ಡ ಬೋಲ್ಟ್ ಹೋಗುವ ಬುಷ್‌ನ (ರಬ್ಬರ್ ತುಂಬಿದ ಕೊಳವೆ) ರಬ್ಬರ್ ಸೀಳಿದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡೋ ರಸ್ತೆ ಕಾರಣವೋ, ಪಾರ್ಟ್ ಡೂಪ್ಲಿಕೇಟೋ?

ಮೈಸೂರಿನಿಂದ:
ಬೋಲ್ಟ್ ಬಿಗಿ ಮಾಡುವಾಗ ಚಕ್ರ ಗಾಳಿಯಲ್ಲಿ ನೇತಾಡ್ತಿತ್ತಾ?

ಮಂಡ್ಯ:
ಹೌದು ಸರ್. ಸ್ಟ್ಯಾಂಡ್ ಮೇಲೇ ಎಲ್ಲ ಟೈಟ್ ಮಾಡಿ ಇಳಿಸಿದ್ದು.

ಮೈಸೂರು:
ಹಾಗಾದ್ರೆ ರಸ್ತೆನ ಬೈಬೇಡಿ. ಆ ಬುಷ್ ಬೇರಿಂಗ್ ಥರ ತಿರುಗಲ್ಲ. ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಅಮುಕಿ ಹಿಡಿಯುತ್ತೆ, ಆರ್ಮ್ ಆಡಿದಾಗ ರಬ್ಬರ್ ಮಾತ್ರ ತಿರುಚಿಕೊಳ್ಳುತ್ತೆ. ಆರ್ಮ್ ಜೋತಿರುವಾಗ ಬಿಗಿದರೆ, ಗಾಡಿ ಸುಮ್ಮನೆ ನಿಂತಿದ್ದರೂ ರಬ್ಬರ್ ಹಿಂಡಿದ ಬಟ್ಟೆ ಹಾಗೇ ಇರುತ್ತೆ. ಅದರ ಮೇಲೆ ಹಂಪ್ ಬೇರೆ.

ಈ ಸಲ ಬಿಚ್ಚುವ ಮೊದಲು, ಸಮ ನೆಲದಲ್ಲಿ ಚಕ್ರದ ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೀರಿ. ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ, ಇಲ್ಲದಿದ್ರೆ ಎಡ-ಬಲ ಸೇರಿಸೋ ಆಂಟಿ-ರೋಲ್ ಬಾರ್‌ನ ಲಿಂಕ್ ರಾಡ್ ಒತ್ತಡದಲ್ಲೇ ಇರುತ್ತೆ.

ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯ ಗುಂಡು ಕೀಲು) ಪಿನ್ನನ್ನು ನಕಲ್‌ನಲ್ಲಿ, ಅಂದ್ರೆ ಚಕ್ರ ಕೂರುವ ತುಂಡಿನಲ್ಲಿ, ಅಮುಕಿ ಹಿಡಿದಿರೋ ಪಿಂಚ್ ಬೋಲ್ಟ್ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ಬರಬೇಕು. ಪಿನ್‌ನಲ್ಲಿ ಒಂದು ಕಚ್ಚು ಇದೆ, ಬೋಲ್ಟ್ ಅದರೊಳಗೇ ಕೂತಿರುತ್ತೆ. ಸುತ್ತಿಗೆ ತಗೊಳ್ಳೋದು ಇದು ಗೊತ್ತಿಲ್ಲದವರೇ. ನಕಲ್‌ನ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಸ್ವಲ್ಪವೇ ತೂರಿಸಿ, ರಾಡ್ ಹಾಕಿ ಆರ್ಮ್ ಕೆಳಕ್ಕೆ ಒತ್ತಿ. ನಕಲ್ ಹೊರಕ್ಕೆ ವಾಲದಂತೆ ತಂತಿಯಲ್ಲಿ ಕಟ್ಟಿ. ಆಕ್ಸಲ್ ಶಾಫ್ಟ್ ಒಳಗಡೆ ಕಳಚಿಕೊಂಡರೆ ಗೇರ್ ಆಯಿಲ್ ನೆಲದ ಪಾಲು.

ಹೊಸ ಆರ್ಮ್‌ನ ಬುಷ್ ಬೋಲ್ಟ್‌ಗಳನ್ನು ಕೈಯಲ್ಲಷ್ಟೇ ತಿರುಗಿಸಿಡಿ. ಪಿಂಚ್ ಬೋಲ್ಟ್ ಬಿಗಿದು ಆಮೇಲೆ ಇನ್ನೊಂದು ಜಾಕಿಯನ್ನು ಬಾಲ್ ಜಾಯಿಂಟ್ ಹತ್ತಿರ ಆರ್ಮ್ ಕೆಳಗೆ ಕೊಟ್ಟು, ಬರೆದಿಟ್ಟ ಅಳತೆ ಬರೋ ತನಕ ಎತ್ತಿ. ಬಾಡಿ ಸ್ಟ್ಯಾಂಡ್‌ನಿಂದ ಏಳೋಕೆ ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಬುಷ್ ಬೋಲ್ಟ್‌ಗೆ ಮ್ಯಾನುವಲ್‌ನ ಟಾರ್ಕ್ (ಬಿಗಿಯುವ ಬಲ) ಕೊಡೋದು ಆಗಲೇ.

ಶ್ರೀರಂಗಪಟ್ಟಣದಿಂದ:
ಮಣ್ಣಿನ ಅಂಗಳ ಆದ್ರೆ ಸ್ಟ್ಯಾಂಡ್ ಕೆಳಗೆ ಎರಡಿಂಚಿನ ಮರದ ಹಲಗೆ ಇಡಿ. ಹಾಲೋ ಬ್ಲಾಕ್ ಬೇಡ್ವೇ ಬೇಡ, ಭಾರ ಬಿದ್ದ ಕೂಡಲೇ ಪುಡಿಯಾಗುತ್ತೆ. ಸ್ಟ್ಯಾಂಡ್ ಇಲ್ಲದೆ ಬರೀ ಜಾಕಿ ನಂಬಿ ಕೆಳಗೆ ತೂರಬೇಡಿ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, 50 ಕಿ.ಮೀ. ಓಡಿಸಿ ವೀಲ್ ನಟ್ಟು ಮತ್ತೊಮ್ಮೆ ನೋಡಿ.

ಮಂಡ್ಯ:
ಬಲಗಡೆ ಬುಷ್ ಇನ್ನೂ ಸೀಳಿಲ್ಲ. ಅದನ್ನೂ ಬದಲಿಸಲೇಬೇಕಾ?

ಮೈಸೂರು:
ಬೇಡ. ರಾಡ್ ಕೊಟ್ಟು ಮೀಟಿ, ಟಾರ್ಚ್ ಬಿಟ್ಟು ನೋಡಿ. ಬಿರುಕು ಇಲ್ಲದಿದ್ರೆ ಅದೇ ಅಳತೆಗೆ ಎತ್ತಿ ಬೋಲ್ಟ್ ಸಡಿಲಿಸಿ. ರಬ್ಬರ್ ತಾನೇ ನೆಟ್ಟಗಾಗುತ್ತೆ. ಆಮೇಲೆ ಬಿಗಿ ಮಾಡಿ.